ಐತಿಹಾಸಿಕ ಯುದ್ಧದ ಗೇಮ್‌ನಲ್ಲಿ ಆಕ್ಷನ್, ಸ್ಟ್ರಾಟೆಜಿ ಎರಡೂ ಸೇರಬೇಕಾದ್ರೆ: 1783ರ ಮಂಗಳೂರು ಮುತ್ತಿಗೆ ಪ್ರೊಟೊಟೈಪ್ ಬಗ್ಗೆ ಚರ್ಚೆ

ಬೋಳೂರು ಬತ್ತೇರಿ

ನಮ್ಮ ತಂಡ ಗೋಡೋ 4 ಅನ್ನುವ ಗೇಮ್ ಕಟ್ಟುವ ಸಾಫ್ಟ್‌ವೇರ್‌ನಲ್ಲಿ ಒಂದು ಪ್ರೊಟೊಟೈಪ್, ಅಂದ್ರೆ ಪರೀಕ್ಷೆಯ ಮಾದರಿ, ಮಾಡ್ತಾ ಉಂಟು. ವಿಷಯ 1783ರ ಮಂಗಳೂರು ಕೋಟೆಯ ಮುತ್ತಿಗೆ. ಆಡುವವರು ಟಿಪ್ಪುವಿನ ಸೈನ್ಯದ ಒಬ್ಬ ರಿಸಾಲದಾರ, ಅಂದ್ರೆ ದಳದ ನಾಯಕ. ಥರ್ಡ್ ಪರ್ಸನ್ ಕ್ಯಾಮೆರಾ (ಪಾತ್ರದ ಬೆನ್ನ ಹಿಂದಿನಿಂದ ಕಾಣುವ ನೋಟ), ಕೈಯಲ್ಲಿ ಕತ್ತಿ, ಬೆನ್ನಿಗೆ ನಾಲ್ಕು ತುಕಡಿ, ಒಂದೊಂದರಲ್ಲಿ 50 ಜನ. ಎದುರು ಕಡೆಯೂ 200. ನಂಬರ್ ಕೀ ಒತ್ತಿದ್ರೆ ತುಕಡಿ ಸೆಲೆಕ್ಟ್ ಆಗ್ತದೆ, ಟ್ಯಾಬ್ ಒತ್ತಿದ್ರೆ ಮೇಲಿನಿಂದ ಕಾಣುವ ನಕಾಶೆ ಬರ್ತದೆ.

ಆದ್ರೆ ಎರಡೂ ಒಂದಕ್ಕೊಂದು ಸೇರ್ತಾ ಇಲ್ಲ. ಟೆಸ್ಟ್ ಮಾಡಿದವರಲ್ಲಿ ಕೆಲವರು ಶುರುವಿಗೇ ಎಲ್ಲ ತುಕಡಿಗೂ ‘ನುಗ್ಗಿ’ ಅಂತ ಹೇಳಿ ತಾವೂ ನುಗ್ತಾರೆ, ಆಮೇಲೆ ಒಂದೇ ಒಂದು ಆಜ್ಞೆ ಇಲ್ಲ. ಇನ್ನು ಕೆಲವರು ಟ್ಯಾಬ್ ಬಿಡುವುದೇ ಇಲ್ಲ. ಅವರ ರಿಸಾಲದಾರ ಒಂದು ತೆಂಗಿನಮರದ ಬುಡದಲ್ಲಿ ನಿಂತೇ ಇರ್ತಾನೆ. ಬಟನ್ ಸರಿಯಿಲ್ವಾ, ಬ್ಯಾಲೆನ್ಸ್ (ಯಾವುದಕ್ಕೆ ಎಷ್ಟು ಬಲ ಅನ್ನುವ ಲೆಕ್ಕ) ಸರಿಯಿಲ್ವಾ, ಅಥವಾ ಮೂಲ ಯೋಚನೆಯೇ ತಪ್ಪಾ? ಗೊತ್ತಿದ್ದವರು ಬಿಡಿಸಿ ಹೇಳಿ.

ಮಣಿಪಾಲದ ಲೂಪ್

ಬತ್ತೇರಿಯವರೆ, ಬಟನ್ ಬಗ್ಗೆ ಮತ್ತೆ ನೋಡುವ. ಮೊದಲು ಸಮಯದ ಲೆಕ್ಕ ಹಾಕಿ. ಈ ಜಾತಿಯ ಗೇಮ್‌ನಲ್ಲಿ ಆಡುವವನ ಹತ್ತಿರ ಇರುವ ನಿಜವಾದ ಸಂಪತ್ತು ಚಿನ್ನವೂ ಅಲ್ಲ, ಸೈನಿಕರೂ ಅಲ್ಲ. ಅವನ ಗಮನ. ಒಂದು ಸೆಕೆಂಡ್ ನಕಾಶೆಗೆ ಕೊಟ್ಟರೆ ಆ ಸೆಕೆಂಡ್ ಕತ್ತಿಗೆ ಇಲ್ಲ. ಹಾಗಾಗಿ ಯುದ್ಧದ ಒಳಗೇ ಬಿಡುವು ಎಲ್ಲಿ ಉಂಟು ಅಂತ ಹುಡುಕಬೇಕು.

18ನೇ ಶತಮಾನದ ಬಂದೂಕು ಆ ಬಿಡುವನ್ನು ತಾನೇ ಕೊಡ್ತದೆ. ಪಳಗಿದ ಸಿಪಾಯಿ ನಿಮಿಷಕ್ಕೆ 3 ಗುಂಡು ಹಾರಿಸ್ತಿದ್ದ, ಗಲಾಟೆಯಲ್ಲಿ 2 ಆದ್ರೆ ಹೆಚ್ಚು. ಅಂದ್ರೆ ಎರಡು ಸುತ್ತಿನ ನಡುವೆ 20ರಿಂದ 30 ಸೆಕೆಂಡ್. ಸಾಲಾಗಿ ನಿಧಾನ ನಡೆಯುವಾಗ ನಿಮಿಷಕ್ಕೆ 75 ಹೆಜ್ಜೆ, ಹೆಜ್ಜೆಗೆ 76 ಸೆಂಟಿಮೀಟರ್: ನಿಮಿಷಕ್ಕೆ 57 ಮೀಟರ್. ಬೇಗ ನಡೆದರೆ 108 ಹೆಜ್ಜೆ, 82 ಮೀಟರ್. 150 ಮೀಟರ್‌ನಿಂದ 50 ಮೀಟರ್‌ಗೆ ಬರ್ಲಿಕ್ಕೆ ನಿಧಾನ ನಡಿಗೆಯಲ್ಲಿ ಒಂದೂಮುಕ್ಕಾಲು ನಿಮಿಷ ಬೇಕು. ಆಜ್ಞೆ ಕೊಡ್ಲಿಕ್ಕೆ ಇದು ಧಾರಾಳ. ನೀವು ಸೈನಿಕರನ್ನು ಸೆಕೆಂಡಿಗೆ 4-5 ಮೀಟರ್ ಓಡಿಸ್ತಾ ಇದ್ದರೆ ಆ ಇಡೀ ಬಿಡುವು 20-25 ಸೆಕೆಂಡಿಗೆ ಕುಸಿಯಿತು. ಹಾಗಾದ್ರೆ ಯಾರು ಯೋಚನೆ ಮಾಡ್ತಾರೆ? ‘ನುಗ್ಗಿ’ ಒತ್ತುದೇ ದಾರಿ.

ಈಗ ಕುದುರೆ ದಳ ತಗೊಳ್ಳಿ. ಪೂರ್ತಿ ನಾಗಾಲೋಟದಲ್ಲಿ ಸೆಕೆಂಡಿಗೆ ಸುಮಾರು 11 ಮೀಟರ್. ಕೊನೆಯ 100 ಮೀಟರ್ 9 ಸೆಕೆಂಡಿನಲ್ಲಿ ಮುಗೀತದೆ, ಅಂದ್ರೆ ಕಾಲಾಳಿಗೆ ಸಿಗುವುದು ಒಂದೇ ಸುತ್ತು. 80 ಮೀಟರ್‌ನಲ್ಲೇ ಹೊಡೆದ್ರೆ ಹೆಚ್ಚಿನ ಗುಂಡು ಹಾಳು. 40 ಮೀಟರ್‌ವರೆಗೆ ತಡೆದ್ರೆ ಹೊಡೆತ ಜೋರು, ಆದ್ರೆ ಉಳಿಯುವುದು ಮೂರೂವರೆ ಸೆಕೆಂಡ್. ಇಲ್ಲಿ ‘ಗುಂಡು ಹಾರಿಸಿ’ ಅನ್ನುವ ಒಂದೇ ಬಟನ್ ಆಕ್ಷನ್ನೂ ಹೌದು, ಸ್ಟ್ರಾಟೆಜಿಯೂ ಹೌದು. ನಿಮ್ಮ ಗೇಮ್‌ನಲ್ಲಿ ಇಂಥ ಬಟನ್ ಎಷ್ಟುಂಟು ಅಂತ ನೋಡಿ.

ಸುರತ್ಕಲ್ ಶೇಡರ್

ಲೂಪ್ ಹೇಳಿದ್ದು ಸರಿ, ಆದ್ರೆ ಅರ್ಧ ಮಾತ್ರ. ನನ್ನ ಲೆಕ್ಕದಲ್ಲಿ ರೋಗ ಕತ್ತಿಯಲ್ಲೇ ಉಂಟು. ರಿಸಾಲದಾರ ಒಬ್ಬನೇ 30-40 ಜನರನ್ನು ಕಡಿಯಬಲ್ಲ ಅಂತಾದ್ರೆ 200ರ ಯುದ್ಧದಲ್ಲಿ ಅವನೇ ಒಂದು ತುಕಡಿ. ಮತ್ತೆ ಅವನು ಆಜ್ಞೆ ಕೊಡ್ಲಿಕ್ಕೆ ಯಾಕೆ ನಿಲ್ಲಬೇಕು?

ಬ್ರದರ್ಸ್ ಇನ್ ಆರ್ಮ್ಸ್: ರೋಡ್ ಟು ಹಿಲ್ 30, 2005ರ ಗೇಮ್, ಇದನ್ನು ಚೆನ್ನಾಗಿ ಬಿಡಿಸಿದೆ. ಶತ್ರು ಗುಂಪಿನ ತಲೆ ಮೇಲೆ ಒಂದು ಕೆಂಪು ವೃತ್ತ. ನಿಮ್ಮ ಒಂದು ತಂಡ ಎಡೆಬಿಡದೆ ಗುಂಡು ಹಾರಿಸ್ತಾ ಹೋದ ಹಾಗೆ ಅದು ಬೂದು ಬಣ್ಣಕ್ಕೆ ತಿರುಗ್ತದೆ, ಅಂದ್ರೆ ಅವರು ತಲೆ ಎತ್ತುವ ಹಾಗಿಲ್ಲ. ಆಗ ನೀವು ಪಕ್ಕದಿಂದ ಬಳಸಿ ಹೋಗಿ ಮುಗಿಸ್ತೀರಿ. ಕೆಂಪು ಇರುವಾಗ ಎದುರಿನಿಂದ ಹೋದ್ರೆ ಸಾಯ್ತೀರಿ. ಬಂದೂಕಿನ ಗುರಿಯನ್ನೂ ಬೇಕೆಂದೇ ಅಲುಗಾಡಿಸಿದ್ದಾರೆ, ದೂರದಿಂದ ಒಬ್ಬೊಬ್ಬರನ್ನೇ ಉರುಳಿಸುವ ಆಸೆ ಹುಟ್ಟದ ಹಾಗೆ. ಅಲ್ಲಿ ಆಜ್ಞೆ ಕೊಟ್ಟ ಮೇಲೇ ನಿಮ್ಮ ಆಕ್ಷನ್‌ಗೆ ದಾರಿ ತೆರೀತದೆ.

ನಿಮ್ಮಲ್ಲಿ ಹೀಗೆ ಮಾಡಿ: ಸಾಲು ಕೆಡದ ಶತ್ರು ತುಕಡಿಯ ಎದುರು ಕತ್ತಿ ಹೆಚ್ಚು ಕೆಲಸ ಮಾಡಬಾರದು. ಬಯೊನೆಟ್ (ನಳಿಗೆಯ ತುದಿಯ ಚೂರಿ) ಕಟ್ಟಿದ ಬಂದೂಕು ಕತ್ತಿಗಿಂತ ಉದ್ದ, ಅದು ನಿಜವೂ ಹೌದು. ಸುತ್ತು ಗುಂಡು ಬಿದ್ದು ಸಾಲು ಹರಿದ ಮೇಲೆ ಕತ್ತಿ ಹರಿತ ಆಗಲಿ. ಕೊಂದ ಎಣಿಕೆಗಿಂತ ರಿಸಾಲದಾರನ ಸುತ್ತ 15 ಮೀಟರ್ ಒಳಗಿರುವ ತನ್ನವರ ಧೈರ್ಯ ಏರುವ ಹಾಗೆ ಮಾಡಿದ್ರೆ, ಅವನು ಎಲ್ಲಿ ನಿಲ್ತಾನೆ ಅನ್ನುವುದೇ ಒಂದು ಸ್ಟ್ರಾಟೆಜಿ ಆಗ್ತದೆ.

ಕಾಪು ದೀಪಸ್ತಂಭ

ಬ್ಯಾನರ್‌ಲಾರ್ಡ್ ಅನ್ನುವ ಯುದ್ಧದ ಗೇಮ್‌ನಲ್ಲಿ ಆಡುವವನ ಕತ್ತಿ ಸಾಕಷ್ಟು ಜೋರೇ ಅಲ್ವಾ? ಆದ್ರೂ ಅಲ್ಲಿ ಜನ ಆಜ್ಞೆ ಕೊಡ್ತಾರಲ್ಲ.

ಮಣಿಪಾಲದ ಲೂಪ್

ಕೊಡ್ತಾರೆ, ಯಾಕಂದ್ರೆ ಅಲ್ಲಿ ಸೋತ ಸೈನಿಕನಿಗೆ ಬೆಲೆ ಉಂಟು. ಯುದ್ಧ ಮುಗಿದ ಮೇಲೆ ದೊಡ್ಡ ನಕಾಶೆಗೆ ವಾಪಸ್ ಹೋಗ್ಬೇಕು. ಊರೂರು ಸುತ್ತಿ ಜನ ಸೇರಿಸಿ ತರಬೇತಿ ಕೊಟ್ಟದ್ದು ಒಂದು ಬೇಜವಾಬ್ದಾರಿ ದಾಳಿಯಲ್ಲಿ ಹೋಗ್ತದೆ. ನಿಮ್ಮ ಪ್ರೊಟೊಟೈಪ್‌ನಲ್ಲಿ ಯುದ್ಧ ಮುಗಿದ್ರೆ ಎಲ್ಲ ಮುಗೀತು, ನಾಳೆ ಅಂತ ಇಲ್ಲ.

ಆಜ್ಞೆಯ ರೀತಿಯಲ್ಲೂ ಕಲಿಯುವುದುಂಟು. ತುಕಡಿ ನಂಬರ್, ಎಫ್1, ಎಫ್3 ಅಂದ್ರೆ ನುಗ್ಗಿ. ಎಫ್1, ಎಫ್2 ಅಂದ್ರೆ ನನ್ನ ಹಿಂದೆ ಬನ್ನಿ. ಕಣ್ಣು ಶತ್ರುವಿನ ಮೇಲೇ ಇರ್ತದೆ, ಬೆರಳು ತಾನೇ ಕೆಲಸ ಮಾಡ್ತದೆ. ಅದರ ಹಿಂದಿನ ಗೇಮ್, 2010ರ ವಾರ್‌ಬ್ಯಾಂಡ್‌ನಲ್ಲಿ ‘ಹತ್ತು ಹೆಜ್ಜೆ ಮುಂದೆ’, ‘ಹತ್ತು ಹೆಜ್ಜೆ ಹಿಂದೆ’ ಅಂತ ಆಜ್ಞೆ ಇತ್ತು. ಅದು ನನಗೆ ಬಹಳ ಮೆಚ್ಚುಗೆ. ನೆಲದ ಮೇಲೆ ಜಾಗ ತೋರಿಸುವ ಅಗತ್ಯವೇ ಇಲ್ಲ. ಮನುಷ್ಯನ ಕಣ್ಣಿನ ಎತ್ತರದಿಂದ ತುಕಡಿಗೆ ಜಾಗ ತೋರಿಸುವ ಬಾವುಟ ನೆಡುವುದು ಯಾವಾಗಲೂ ಕಷ್ಟ: 60 ಮೀಟರ್ ದೂರದಲ್ಲಿ ಮೌಸ್ ಕೂದಲೆಳೆ ಅಲುಗಿದ್ರೆ ಬಾವುಟ 20 ಮೀಟರ್ ಆಚೆ ಹೋಗ್ತದೆ. ಹಾಗಾಗಿ ನಕಾಶೆ ತೆರೆಯದೆ ಆಗುವ ಆಜ್ಞೆ ಆರಾದರೂ ಇರಲಿ: ನಿಲ್ಲಿ, ಹಿಂದೆ ಬನ್ನಿ, ಹತ್ತು ಹೆಜ್ಜೆ ಮುಂದೆ, ಹತ್ತು ಹೆಜ್ಜೆ ಹಿಂದೆ, ಗುಂಡು ತಡೆಯಿರಿ, ಹಾರಿಸಿ. ಟ್ಯಾಬ್ ಬೇಕಾಗುವುದು ಯುದ್ಧ ಶುರುವಾಗುವ ಮೊದಲು ಜಾಗ ಹಿಡೀಲಿಕ್ಕೆ.

ಕದ್ರಿ ಗುಡ್ಡೆ

ಇಷ್ಟು ಹೊತ್ತು ಎಲ್ಲರೂ ಬಯಲು ಯುದ್ಧದ ಮಾತೇ ಆಡಿದ್ರಿ. ವಿಷಯ ಮುತ್ತಿಗೆ ಅಲ್ವಾ? ಅಲ್ಲೇ ಮೂಲ ಯೋಚನೆ ಜಾರಿದ್ದು ಅಂತ ನನಗೆ ಕಾಣ್ತದೆ.

ಮಂಗಳೂರು ಮುತ್ತಿಗೆ 1783ರ ಮೇ ತಿಂಗಳಲ್ಲಿ ಶುರುವಾಯ್ತು. ಒಳಗೆ ಬ್ರಿಟಿಷರ ಕರ್ನಲ್ ಕ್ಯಾಂಪ್‌ಬೆಲ್, 42ನೇ ಹೈಲ್ಯಾಂಡರ್ಸ್ ಅನ್ನುವ ಸ್ಕಾಟಿಷ್ ದಳ, ಬಾಂಬೆ ಸಿಪಾಯಿಗಳು. ಫ್ರಾನ್ಸ್ ಮತ್ತು ಬ್ರಿಟನ್ ನಡುವೆ ಶಾಂತಿ ಆದ ಸುದ್ದಿ ಬಂದು ಟಿಪ್ಪುವಿನ ಜೊತೆಗಿದ್ದ ಫ್ರೆಂಚರು ಹಿಂದೆ ಸರಿದರು, ಆಗಸ್ಟಿನಲ್ಲಿ ಕದನವಿರಾಮ. ಆದ್ರೆ ಸುತ್ತುಗಟ್ಟಿದ ಸೈನ್ಯ ಅಲ್ಲೇ ಉಳಿಯಿತು. 1784ರ ಜನವರಿ ಕೊನೆಗೆ ಒಳಗಿನವರು ಶರಣಾದದ್ದು ಗೋಡೆ ಬಿದ್ದು ಅಲ್ಲ, ಹಸಿವು ಮತ್ತು ಕಾಯಿಲೆಯಿಂದ. ಮಾರ್ಚ್ 11ಕ್ಕೆ ಮಂಗಳೂರು ಒಪ್ಪಂದ. ಈ ಕಥೆಯನ್ನು 200ಕ್ಕೆ 200 ಜನರ ಕತ್ತಿಯುದ್ಧ ಮಾಡಿದ್ರೆ ಸ್ಟ್ರಾಟೆಜಿಗೆ ಜಾಗ ಎಲ್ಲಿ?

ನಿಮ್ಮ ಸ್ಟ್ರಾಟೆಜಿ ಅಕ್ಕಿಯಲ್ಲಿ, ಮದ್ದಿನಲ್ಲಿ, ಕಂದಕದಲ್ಲಿ, ಮಳೆಯಲ್ಲಿ ಉಂಟು. ಆ ಕಾಲದ ಮುತ್ತಿಗೆಯ ಕ್ರಮ ಹೀಗೆ: ಸುಮಾರು 600 ಗಜ ದೂರದಲ್ಲಿ ಗೋಡೆಗೆ ಸಮಾನಾಂತರವಾಗಿ ಮೊದಲ ಕಂದಕ. ಅಲ್ಲಿಂದ ಓರೆಕೋರೆಯಾಗಿ ಅಗೆದು ಸುಮಾರು 300 ಗಜದಲ್ಲಿ ಎರಡನೆಯದು. ಮೂರನೆಯದು ಗೋಡೆಯ ಇಳಿಜಾರಿನ ಬುಡದಲ್ಲಿ, ಬಿರುಕು ಬೀಳಿಸುವ ಫಿರಂಗಿ ಅಲ್ಲಿ ಬರ್ತದೆ. ಓರೆಕೋರೆ ಯಾಕೆ ಅಂದ್ರೆ, ನೇರ ಅಗೆದ್ರೆ ಕೋಟೆಯಿಂದ ಒಂದು ಗುಂಡು ಇಡೀ ಕಂದಕದ ಉದ್ದಕ್ಕೂ ಓಡ್ತದೆ.

ಈಗ ನಮ್ಮ ನೆಲ ನೋಡಿ. ಮುರಕಲ್ಲು ಬೇಸಿಗೆಯಲ್ಲಿ ಪಿಕಾಸಿಗೆ ಬಗ್ಗುವುದಿಲ್ಲ. ಮಳೆಗಾಲದಲ್ಲಿ ಅಗೀಬಹುದು, ಆದ್ರೆ ಅಗೆದ ಹೊಂಡ ಮರುದಿನಕ್ಕೆ ಕೆರೆ. ಆಗ ಬಿದಿರಿನ ದೊಡ್ಡ ಬುಟ್ಟಿಗೆ ಮಣ್ಣು ತುಂಬಿ ನೆಲದ ಮೇಲೆಯೇ ಅಡ್ಡಗಟ್ಟೆ ಕಟ್ಟಬೇಕು. ಈ ಆಯ್ಕೆಯನ್ನು ಆಡುವವನ ಕೈಗೆ ಕೊಡಿ: ಮೇ ತಿಂಗಳಲ್ಲಿ ನಿಧಾನವಾಗಿ ಆಳ ಅಗೀತೀರಾ, ಜೂನ್‌ಗೆ ಬುಟ್ಟಿ ಹೊರ್ತೀರಾ? ಮತ್ತೆ ರಾತ್ರಿ ಕೋಟೆಯ ಒಳಗಿನಿಂದ ಒಂದು ಗುಂಪು ಹೊರಗೆ ನುಗ್ಗಿ ಆ ಕಂದಕ ಹಾಳು ಮಾಡ್ಲಿಕ್ಕೆ, ಫಿರಂಗಿಯ ಕಿವಿಗೆ (ಬೆಂಕಿ ಹಚ್ಚುವ ತೂತು) ಮೊಳೆ ಹೊಡೀಲಿಕ್ಕೆ ಬರ್ತದೆ. ಅದೇ ನಿಮ್ಮ ಕತ್ತಿಯ ಹೊತ್ತು. ಹಗಲು ತಾನೇ ಆರಿಸಿ ಅಗೆಸಿದ ಕಂದಕದ ಒಳಗೇ ರಾತ್ರಿ ಹೋರಾಡಬೇಕು, ಅದರ ತಿರುವು, ಅಗಲ, ನೀರು ಎಲ್ಲ ಅವನದ್ದೇ ನಿರ್ಧಾರ. ಎರಡಕ್ಕೂ ಇದಕ್ಕಿಂತ ಗಟ್ಟಿ ಗಂಟು ಬೇರೆ ಬೇಕಾ?

ಬೋಳೂರು ಬತ್ತೇರಿ

ಕದ್ರಿಯವರೆ, ಕಂದಕದ ಮಾತು ನೇರ ತಗೊಳ್ತೇವೆ. ಮಳೆಯಲ್ಲಿ ಬಂದೂಕು ಹೇಗೆ ತೋರಿಸುದು? ಈಗ ರಿಲೋಡ್ ಅಂದ್ರೆ 20 ಸೆಕೆಂಡಿನ ಒಂದು ಟೈಮರ್ ಮಾತ್ರ.

ಕದ್ರಿ ಗುಡ್ಡೆ

ಟೈಮರ್ ಒಡೆದು ಹಂತ ಮಾಡಿ. ತೋಟೆಯ (ಮದ್ದು, ಗುಂಡು ಸುತ್ತಿದ ಪೊಟ್ಟಣ) ಕಾಗದವನ್ನು ಹಲ್ಲಿನಲ್ಲಿ ಹರಿಯುವುದು. ಚಿಟಿಕೆ ಮದ್ದು ಪಕ್ಕದ ಸಣ್ಣ ಬಟ್ಟಲಿಗೆ ಹಾಕಿ ಮುಚ್ಚಳ ಮುಚ್ಚುವುದು. ಬಂದೂಕು ನಿಲ್ಲಿಸಿ ಉಳಿದ ಮದ್ದು, ಗುಂಡು, ಕಾಗದ ನಳಿಗೆಗೆ. ಸರಳು ಎಳೆದು ಜಡಿಯುವುದು, ಸರಳನ್ನು ವಾಪಸ್ ಅದರ ಜಾಗಕ್ಕೆ ತುರುಕುವುದು. ಕಡೆಗೆ ಬಂದೂಕಿನ ಕುದುರೆ ಪೂರ್ತಿ ಎಳೆದು ಹೆಗಲಿಗೆ. ಕೋಡ್‌ನಲ್ಲಿ ನಾಲ್ಕು ಹಂತ ಸಾಕು: ಬಟ್ಟಲು, ನಳಿಗೆ, ಜಡಿತ, ಸಿದ್ಧ.

ಸಾಮಾನ್ಯವಾಗಿ ಕೆಡುವುದು ಎಲ್ಲಿ ಅಂದ್ರೆ, ನಡುವೆ ‘ಹತ್ತು ಹೆಜ್ಜೆ ಹಿಂದೆ’ ಅಂತ ಆಜ್ಞೆ ಬಂದಾಗ ರಿಲೋಡ್ ಸೊನ್ನೆಗೆ ಹೋಗಿ ಕೂತ್ಕೊಳ್ತದೆ. ಆಡುವವನಿಗೆ ಆಜ್ಞೆ ಕೊಟ್ಟದ್ದಕ್ಕೇ ಶಿಕ್ಷೆ ಆದ ಹಾಗೆ, ಮತ್ತೆ ಅವನು ಆಜ್ಞೆ ಕೊಡುವುದನ್ನೇ ಬಿಡ್ತಾನೆ. ಮುಗಿದ ಹಂತ ಉಳೀಬೇಕು, ಅರ್ಧವಾದದ್ದು ಮಾತ್ರ ಮತ್ತೆ ಮಾಡ್ಬೇಕು.

ಮಳೆಯಲ್ಲಿ ಹಾಳಾಗುವುದು ಬಟ್ಟಲಿನ ಮದ್ದು. ಗುಂಡು ಹಾರದೇ ಇರುವ ಸಂಭವ ಒಣ ಹವೆಗೆ 0.15, ತುಂತುರಿಗೆ 0.4, ಜಡಿಮಳೆಗೆ 0.9 ಅಂತ ಇಟ್ಟು ಶುರು ಮಾಡಿ. ಇವು ಬ್ಯಾಲೆನ್ಸ್‌ಗೆ ಇಟ್ಟ ಸಂಖ್ಯೆ, ಆಡಿಸಿ ನೋಡಿ ತಿದ್ದಿ. ಆಷಾಢದ ಮಳೆಯಲ್ಲಿ ಬಂದೂಕು ಸುಮ್ಮನಾದ್ರೆ ಬಯೊನೆಟ್, ಕತ್ತಿಗೆ ಬೆಲೆ ಬರ್ತದೆ. ಮಳೆ ಬರುವ ಹೊತ್ತು ನೋಡಿ ದಾಳಿ ಮಾಡುವುದು ಆಡುವವನ ಜಾಣತನ.

ಕಾಪು ದೀಪಸ್ತಂಭ

ಇದೇ ಜಾತಿಯ ಒಂದು ಸಣ್ಣ ಗೇಮ್ ಇಲ್ಲೂ ಉಂಟು, ಗೋಡೋದಲ್ಲೇ. ಎರಡು ತೊಂದರೆ. ಕೋಟೆಯ ಬಾಗಿಲಲ್ಲಿ ಸೈನಿಕರು ಒಟ್ರಾಸಿ ಸಿಕ್ಕಿ ನಡುಗ್ತಾ ನಿಲ್ತಾರೆ. ಮತ್ತೆ 300 ದಾಟಿದ್ರೆ ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ ಫ್ರೇಮ್ (ಸೆಕೆಂಡಿಗೆ ಬರುವ ಚಿತ್ರಗಳ ಎಣಿಕೆ) ಬೀಳ್ತದೆ. ಆ ಹೊತ್ತಿಗೆ ಕತ್ತಿ ಬೀಸಿದ್ದು ತಡವಾಗಿ ತಾಗ್ತದೆ, ಆಕ್ಷನ್ ಅನ್ನುವುದೇ ಸತ್ತು ಹೋಗ್ತದೆ.

ಮಣಿಪಾಲದ ಲೂಪ್

ಎರಡೂ ಗೊತ್ತಿರುವ ಮಂಡೆಬಿಸಿಯೇ.

ಬಾಗಿಲು: ಪ್ರತಿ ಸೈನಿಕನೂ ತನ್ನ ದಾರಿ ತಾನೇ ಹುಡುಕ್ತಾ ಇದ್ರೆ ಎಲ್ಲರೂ ಬಾಗಿಲಿನ ಅದೇ ಮೂಲೆಯನ್ನು ಸವರಿ ಹೋಗ್ಲಿಕ್ಕೆ ನೋಡ್ತಾರೆ. ದಾರಿ ತುಕಡಿಗೆ ಒಂದೇ ಇರಲಿ. ಸೈನಿಕ ತುಕಡಿಯ ಒಳಗಿನ ತನ್ನ ಸ್ಥಾನವನ್ನು ಮಾತ್ರ ಹಿಂಬಾಲಿಸಲಿ. ಸಾಲಿನಲ್ಲಿ ಒಬ್ಬನಿಗೆ ಸುಮಾರು 55 ಸೆಂಟಿಮೀಟರ್ ಅಗಲ ಬೇಕು, 3 ಮೀಟರ್ ಬಾಗಿಲಿಗೆ ಐದು ಜನ. ಹಾಗಾಗಿ ಬಾಗಿಲಿಗೆ 20 ಮೀಟರ್ ಇರುವಾಗಲೇ ತುಕಡಿ ತಾನಾಗಿ ನಾಲ್ಕು ಜನರ ಅಗಲದ ಉದ್ದ ಸಾಲಾಗಬೇಕು, ಒಳಗೆ ಹೋಗಿ 10 ಮೀಟರ್ ಆದ ಮೇಲೆ ಬಿಚ್ಚಿಕೊಳ್ಳಬೇಕು. ಸ್ಥಾನ ಹಂಚುವಾಗ ‘ಹತ್ತಿರದ್ದು ಯಾವುದು’ ಅಂತ ಪ್ರತಿ ಫ್ರೇಮ್ ಹುಡುಕಬೇಡಿ, ಇಬ್ಬರು ಒಂದೇ ಸ್ಥಾನಕ್ಕೆ ಅದಲುಬದಲಾಗ್ತಾ ಇರ್ತಾರೆ. ನೀವು ನೋಡಿದ ನಡುಕದಲ್ಲಿ ಅರ್ಧ ಅದೇ. ಅರ್ಧ ಸೆಕೆಂಡಿಗೆ ಒಮ್ಮೆ ಹಂಚಿದ್ರೆ ಧಾರಾಳ.

ಉಳಿದ ಅರ್ಧ ಗೋಡೋದ ಅವಾಯ್ಡೆನ್ಸ್, ಅಂದ್ರೆ ಒಬ್ಬರಿಗೊಬ್ಬರು ಡಿಕ್ಕಿಯಾಗದ ಹಾಗೆ ತಪ್ಪಿಸುವ ವ್ಯವಸ್ಥೆ. ನೈಬರ್ ಡಿಸ್ಟೆನ್ಸ್ (ಎಷ್ಟು ದೂರದವರನ್ನು ಲೆಕ್ಕಕ್ಕೆ ತಗೊಳ್ಳಬೇಕು) ಡೀಫಾಲ್ಟ್ 50 ಇರ್ತದೆ, ಗುಂಪಿಗೆ ಅದು ವಿಪರೀತ. 3 ಮೀಟರ್‌ಗೆ ಇಳಿಸಿ, ಮ್ಯಾಕ್ಸ್ ನೈಬರ್ಸ್ (ಹೆಚ್ಚೆಂದರೆ ಎಷ್ಟು ಜನರನ್ನು) 10ರಿಂದ 5 ಮಾಡಿ.

ಫ್ರೇಮ್: ಸೆಕೆಂಡಿಗೆ 60 ಫ್ರೇಮ್‌ಗೆ ಆಡಿಸಬೇಕಾದ್ರೆ ಒಂದು ಫ್ರೇಮ್‌ಗೆ 16.6 ಮಿಲಿಸೆಕೆಂಡ್. ಸೈನಿಕರ ಯೋಚನೆಗೆ 4ಕ್ಕಿಂತ ಹೆಚ್ಚು ಕೊಡಬೇಡಿ. 400 ಜನ ಸೆಕೆಂಡಿಗೆ 5 ಸಲ ಯೋಚಿಸಿದ್ರೆ 2000, ಅದನ್ನು 60 ಫ್ರೇಮ್‌ಗೆ ಹಂಚಿದ್ರೆ ಫ್ರೇಮ್‌ಗೆ 33-34 ಜನ. ಎಲ್ಲರೂ ಒಂದೇ ಫ್ರೇಮ್‌ನಲ್ಲಿ ಯೋಚಿಸುವ ಹಾಗೆ ಬಿಟ್ಟರೆ ಸೆಕೆಂಡಿಗೆ ಐದು ಸಲ ಗೇಮ್ ಬಿಕ್ಕಳಿಸ್ತದೆ. ಆದ್ರೆ ರಿಸಾಲದಾರನ 10 ಮೀಟರ್ ಒಳಗಿನವರಿಗೆ ಮಾತ್ರ ಪ್ರತಿ ಫಿಸಿಕ್ಸ್ ಟಿಕ್‌ಗೂ (ಚಲನೆ, ತಾಗುವಿಕೆ ಲೆಕ್ಕ ಹಾಕುವ ಒಂದು ಸುತ್ತು) ಅಪ್ಡೇಟ್ ಕೊಡಿ, ಅವರ ಹೊಡೆತ, ತಡೆ ಎಲ್ಲ ಕರಾರುವಾಕ್ಕಾಗಿ ಇರಬೇಕು.

ಸುರತ್ಕಲ್ ಶೇಡರ್

ಚಿತ್ರದ ಕಡೆ ನಾನು ಸೇರಿಸ್ತೇನೆ. 400 ಜನಕ್ಕೆ 400 ಸ್ಕೆಲಿಟನ್ (ಮೈ ಆಡಿಸುವ ಮೂಳೆಯ ಚೌಕಟ್ಟು) ಬೇಡ. ದೂರದವರಿಗೆ ಮಲ್ಟಿಮೆಶ್ (ಒಂದೇ ಆಕೃತಿಯನ್ನು ಒಟ್ಟಿಗೆ ಹಲವು ಸಲ ಬಿಡಿಸುವುದು) ಮಾಡಿ, ಅನಿಮೇಶನ್ ಅನ್ನು ಮೊದಲೇ ಟೆಕ್ಸ್‌ಚರ್ ಅನ್ನುವ ಚಿತ್ರಕ್ಕೆ ಬರೆದಿಟ್ಟು (ಬೇಕ್ ಮಾಡಿ) ವರ್ಟೆಕ್ಸ್ ಶೇಡರ್‌ನಲ್ಲಿ, ಅಂದ್ರೆ ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಓಡುವ ಸಣ್ಣ ಪ್ರೋಗ್ರಾಮ್‌ನಲ್ಲಿ, ಓದಿಸಿ. 15-20 ಮೀಟರ್ ಒಳಗಿನವರಿಗೆ ಮಾತ್ರ ನಿಜವಾದ ಸ್ಕೆಲಿಟನ್. ಒಂದು ಎಚ್ಚರ: ಮಲ್ಟಿಮೆಶ್ ಒಂದಿಡೀ ವಸ್ತುವಾಗಿಯೇ ಕಲ್ ಆಗ್ತದೆ (ಕಾಣದಿದ್ದಾಗ ಬಿಡಿಸದೆ ಬಿಡುವುದು). 400 ಜನರನ್ನೂ ಒಂದರಲ್ಲೇ ಹಾಕಿದ್ರೆ ಒಬ್ಬ ಕಂಡರೂ ಎಲ್ಲರೂ ಡ್ರಾ ಆಗ್ತಾರೆ. ತುಕಡಿಗೆ ಒಂದೊಂದು ಮಾಡಿ.

ಮತ್ತೆ ಹೊಗೆ. ಕರಿಮದ್ದಿನ ಹೊಗೆ ಇಲ್ಲದ 18ನೇ ಶತಮಾನ ಸುಳ್ಳು. ಎರಡು-ಮೂರು ಸುತ್ತಾದ ಮೇಲೆ ಎದುರಿನವರು ಕಾಣಬಾರದು. ಸಣ್ಣ ಸಣ್ಣ ಕಣ ನೂರಾರು ಹಾಕಿದ್ರೆ ಒಂದರ ಮೇಲೊಂದು ಪಾರದರ್ಶಕ ಪದರ ಬಿದ್ದು ಗ್ರಾಫಿಕ್ಸ್ ಕಾರ್ಡ್ ಸೋಲ್ತದೆ, ತುಕಡಿಗೆ 20-24 ದೊಡ್ಡ ಹಾಳೆ ಸಾಕು. ನಕಾಶೆಯಲ್ಲೂ ಹೊಗೆಯ ಆಚೆಯವರನ್ನು ತೋರಿಸಬೇಡಿ. ಟ್ಯಾಬ್ ಹಿಡಿದೇ ಕೂತವನು ಆಗ ತಾನಾಗಿ ಮುಂದೆ ಬಂದು ನೋಡ್ತಾನೆ. ನಮ್ಮ ಕರಾವಳಿಯಲ್ಲಿ ಮಳೆಗಾಲ ಬಿಟ್ಟರೆ ಬೆಳಿಗ್ಗೆ ನೆಲದಿಂದ ಕಡಲಿಗೆ ಗಾಳಿ, ಮಧ್ಯಾಹ್ನದ ಮೇಲೆ ಕಡಲಿನಿಂದ ನೆಲಕ್ಕೆ. ಕಡಲು ಪಶ್ಚಿಮಕ್ಕೆ ಇರುವ ಮ್ಯಾಪ್‌ನಲ್ಲಿ ಪೂರ್ವದಿಂದ ಬೆಳಿಗ್ಗೆ ದಾಳಿ ಮಾಡಿದ್ರೆ ನಿಮ್ಮ ಹೊಗೆ ಶತ್ರುವಿನ ಮುಖಕ್ಕೆ, ಸಂಜೆ ಮಾಡಿದ್ರೆ ನಿಮ್ಮ ಮುಖಕ್ಕೇ. ದಾಳಿಯ ಹೊತ್ತು ಆರಿಸುವುದೂ ಒಂದು ಆಟ ಆಯ್ತಲ್ಲ.

ಉಳ್ಳಾಲ ಅಳಿವೆ

ಆಜ್ಞೆ ತಲುಪಿತೋ ಇಲ್ವೋ ಅನ್ನುವುದನ್ನು ಯಾರೂ ಮುಟ್ಟಲಿಲ್ಲ. ಹೆಚ್ಚಿನ ಗೇಮ್‌ಗಳಲ್ಲಿ ಆಜ್ಞೆ ಟೆಲಿಪಥಿಯ ಹಾಗೆ ತಕ್ಷಣ ತಲುಪ್ತದೆ. ಇಲ್ಲಿ ನಗಾರಿ, ಕಹಳೆ ಇಡಿ, ಒಂದೊಂದು ಆಜ್ಞೆಗೆ ಒಂದೊಂದು ಬಡಿತ. ಸ್ವಲ್ಪ ಆಡಿದ ಮೇಲೆ ಕಿವಿಯೇ ಹೇಳ್ತದೆ, ಸ್ಕ್ರೀನ್ ಮೇಲೆ ಐಕಾನ್ ಬೇಡ. ಶತ್ರುವಿನ ಡ್ರಮ್ ಕೇಳಿ ಅವರು ಎಂತ ಮಾಡ್ತಾರೆ ಅಂತ ಊಹಿಸಲೂಬಹುದು.

ತಡವೂ ಇರಲಿ. 60 ಮೀಟರ್ ಒಳಗೆ ಒಂದು ಸೆಕೆಂಡ್, ಅದರಾಚೆ ಮೂರು-ನಾಲ್ಕು. 200 ಮೀಟರ್ ದಾಟಿದ್ರೆ ಕುದುರೆ ಸವಾರನೇ ಹೋಗಿ ಹೇಳಬೇಕು, ಸೆಕೆಂಡಿಗೆ 6-7 ಮೀಟರ್ ಅಂದ್ರೆ ಅರ್ಧ ನಿಮಿಷ. ರಿಸಾಲದಾರ ಯಾವ ತುಕಡಿಯ ಹತ್ತಿರ ನಿಲ್ಲಬೇಕು ಅನ್ನುವ ಪ್ರಶ್ನೆಗೆ ಆಗ ತೂಕ ಬರ್ತದೆ. ಆದ್ರೆ ತಡ ಇಟ್ಟ ಮೇಲೆ ‘ಕೇಳಿಸಿತು’ ಅಂತ ಉತ್ತರ ಕೊಡಲೇಬೇಕು: ತುಕಡಿಯ ಬಾವುಟ ಒಮ್ಮೆ ಬಗ್ಗಿ ಏಳಲಿ. ಇಲ್ಲದಿದ್ರೆ ಆಡುವವನು ಅದೇ ಕೀ ಮೂರು ಸಲ ಒತ್ತಿ ‘ಹತ್ತು ಹೆಜ್ಜೆ’ ಮೂವತ್ತಾಗ್ತದೆ. ದಾರಿಯಲ್ಲಿರುವ ಆಜ್ಞೆಯ ಮೇಲೆ ಹೊಸದು ಬಂದ್ರೆ ಹಳೆಯದು ರದ್ದು ಅಂತ ನಿಯಮ ಮಾಡಿ.

ಕಾಪು ದೀಪಸ್ತಂಭ

ಮೈಸೂರು ರಾಕೆಟ್ ಹಾಕ್ತೀರಾ ಬತ್ತೇರಿಯಣ್ಣ? ಗುರಿಯಿಟ್ಟು ಬುರುಜಿನ ಫಿರಂಗಿಯನ್ನು ಪುಡಿ ಮಾಡುವ ಹಾಗೆ ಇದ್ರೆ ಗಮ್ಮತ್ತು.

ಕದ್ರಿ ಗುಡ್ಡೆ

ಗುರಿಯಿಟ್ಟು ಬೇಡ. ಕಬ್ಬಿಣದ ಕೊಳವೆಗೆ ಬಿದಿರು ಕಟ್ಟಿದ ಆಯುಧ ಅದು. ದೂರ ಹೋಗ್ತಿತ್ತು, ಎಲ್ಲಿ ಬೀಳ್ತದೆ ಅಂತ ಹೇಳುವ ಹಾಗಿರಲಿಲ್ಲ. ಅದರ ಬಲ ಕುದುರೆಗಳ ಹೆದರಿಕೆ, ಸಾಲಿನ ಗೊಂದಲ, ಮದ್ದಿನ ಬಂಡಿಗೆ ತಗಲುವ ಬೆಂಕಿ. 1780ರ ಸೆಪ್ಟೆಂಬರ್ 10ರ ಪೊಳ್ಳಿಲೂರು ಯುದ್ಧದಲ್ಲಿ ಬ್ರಿಟಿಷ್ ಕರ್ನಲ್ ಬೈಲಿಯ ಸೈನ್ಯದ ಮದ್ದಿನ ಬಂಡಿಗಳು ಸಿಡಿದದ್ದು ಯುದ್ಧವನ್ನೇ ತಿರುಗಿಸಿತು. ಕೋಡ್‌ನಲ್ಲಿ ಮೊದಲ ಒಂದೂವರೆ ಸೆಕೆಂಡ್ ತಳ್ಳುವ ಬಲ, ಜೊತೆಗೆ ಸಣ್ಣ ಯಾದೃಚ್ಛಿಕ ತಿರುಚು, ಆಮೇಲೆ ಗುರುತ್ವಕ್ಕೆ ಬಿಟ್ಟುಬಿಡಿ. ನೆಲ ತಾಗಿದ ಮೇಲೂ ಹಾರಿ ಮುಂದೆ ಹೋಗಲಿ. ಒಂದೊಂದೇ ಬಿಟ್ಟರೆ ಪ್ರಯೋಜನ ಕಡಿಮೆ, ಇಪ್ಪತ್ತು ಒಟ್ಟಿಗೆ ಬಿಟ್ಟರೆ ಒಂದು ಜಾಗ ಖಾಲಿ ಮಾಡಿಸಬಹುದು. ಆಡುವವನು ಅದನ್ನು ಹಾಗೇ ಕಲಿಯಲಿ.

ಉಳ್ಳಾಲ ಅಳಿವೆ

ರಿಸಾಲದಾರ ಸತ್ತರೆ? ಅದಕ್ಕೆ ಏನು ಯೋಚನೆ?

ಸುರತ್ಕಲ್ ಶೇಡರ್

ಮೆನ್ ಆಫ್ ವಾರ್, ಗೇಟ್ಸ್ ಆಫ್ ಹೆಲ್ ಅನ್ನುವ ಯುದ್ಧದ ಗೇಮ್‌ಗಳಲ್ಲಿ ಯಾವ ಸೈನಿಕನನ್ನು ಬೇಕಾದರೂ ನೇರ ನಮ್ಮ ಕೈಗೆ ತಗೊಳ್ಳಬಹುದು. ಆ ದಾರಿ ಹಿಡಿದ್ರೆ ಸಾವಿಗೆ ಪರಿಹಾರ ಸುಲಭ: ಹತ್ತಿರದ ಜಮಾದಾರನಿಗೆ (ಕೆಳಗಿನ ಅಧಿಕಾರಿ) ಹಾರಿ. ಆದ್ರೆ ಎರಡು ಕಡೆ ಕೆಡ್ತದೆ. ಕೈಗೆ ಸಿಕ್ಕಿದವನು ಉಳಿದವರಿಗಿಂತ ತುಂಬ ಜೋರಾಗ್ತಾನೆ. ಮತ್ತೆ ಅವನನ್ನು ಬಿಟ್ಟ ಕೂಡಲೇ ಬಯಲಿನಲ್ಲಿ ಹಾಗೇ ನಿಂತು ಸಾಯ್ತಾನೆ. ಬಿಟ್ಟ ಕ್ಷಣಕ್ಕೆ ತುಕಡಿಯ ತನ್ನ ಸ್ಥಾನಕ್ಕೆ ತಾನೇ ಓಡುವ ಹಾಗೆ ಮಾಡಿ. ಹೊಸಬನಿಗೆ ಹಾರಿದಾಗ ನಗಾರಿ ಒಂದು 10 ಸೆಕೆಂಡ್ ಸುಮ್ಮನಿರಲಿ, ಯಾವ ಆಜ್ಞೆಯೂ ಹೋಗಬಾರದು. ಸಾವಿಗೆ ಅಷ್ಟು ದಂಡ ಸಾಕು.

ಬೋಳೂರು ಬತ್ತೇರಿ

ಎಲ್ಲರಿಗೂ ವಂದನೆ. ನಡಿಗೆಯ ವೇಗ, ರಿಲೋಡ್ ಹಂತ, ರಾತ್ರಿಯ ಕಂದಕ, ಬಾವುಟದ ಉತ್ತರ ಇಷ್ಟನ್ನು ಮೊದಲು ಹಾಕ್ತೇವೆ. ಎರಡೂ ನಿಜವಾಗಿ ಸೇರಿತು ಅಂತ ಗೊತ್ತಾಗುದು ಹೇಗೆ? ಪ್ರತಿ ಬದಲಾವಣೆಗೂ ಜನ ಸೇರಿಸಿ ಆಡಿಸ್ಲಿಕ್ಕೆ ಆಗುದಿಲ್ಲ.

ಮಣಿಪಾಲದ ಲೂಪ್

ಮೂರು ಬಾಟ್ (ತಾನೇ ಆಡುವ ಪ್ರೋಗ್ರಾಮ್) ಬರೀರಿ. ಒಂದು ಹೋರಾಡ್ತದೆ, ಆಜ್ಞೆ ಕೊಡುವುದಿಲ್ಲ. ಇನ್ನೊಂದು ಆಜ್ಞೆ ಮಾತ್ರ ಕೊಡ್ತದೆ, ಕತ್ತಿ ಎತ್ತುವುದಿಲ್ಲ. ಮೂರನೆಯದು ಎರಡೂ ಮಾಡ್ತದೆ, ಆದ್ರೆ ಪ್ರತಿ ಆಜ್ಞೆಗೆ ಒಂದು ಸೆಕೆಂಡ್ ಕತ್ತಿ ಕೆಳಗಿಡ್ತದೆ. ಹೆಡ್‌ಲೆಸ್ ಮೋಡ್‌ನಲ್ಲಿ (ಸ್ಕ್ರೀನ್ ಮೇಲೆ ಚಿತ್ರ ತೋರಿಸದೆ) ಒಂದೊಂದನ್ನು 100 ಸಲ ಓಡಿಸಿ. ಮೊದಲ ಬಾಟ್ ಅರ್ಧಕ್ಕಿಂತ ಹೆಚ್ಚು ಗೆದ್ದರೆ ಕತ್ತಿ ಜೋರಾಯ್ತು, ಎರಡನೆಯದು ಗೆದ್ದರೆ ನಕಾಶೆ ಬೇಕಾದ್ದಕ್ಕಿಂತ ಹೆಚ್ಚು ತೋರಿಸ್ತಾ ಉಂಟು. ಮೂರನೆಯದು ಸ್ಪಷ್ಟವಾಗಿ ಮುಂದಿರಬೇಕು. ರ್‍ಯಾಂಡಮ್ ಸೀಡ್ (ಅದೇ ಓಟವನ್ನು ಮತ್ತೆ ಆಡಿಸ್ಲಿಕ್ಕೆ ಬೇಕಾದ ಸಂಖ್ಯೆ) ಪ್ರತಿ ಓಟಕ್ಕೂ ಲಾಗ್‌ನಲ್ಲಿ ಬರೆದಿಡಿ, ಫಿಸಿಕ್ಸ್ ಟಿಕ್ ಸೆಕೆಂಡಿಗೆ 60ಕ್ಕೇ ಇರಲಿ. ಬೇಗ ಮುಗೀಲಿ ಅಂತ ಟಿಕ್ ಇಳಿಸಿದ್ರೆ ಕತ್ತಿಯ ಹೊಡೆತ ಶತ್ರುವಿನ ಮೈಯೊಳಗಿಂದ ತಾಗದೆ ಹಾದುಹೋಗಿ ಮೊದಲ ಬಾಟ್ ಸುಮ್ಮನೆ ಸೋಲ್ತದೆ, ಮತ್ತೆ ನೀವು ಕತ್ತಿಯನ್ನು ಇನ್ನಷ್ಟು ಜೋರು ಮಾಡ್ತೀರಿ.